ಪಕ್ಕದಲ್ಲಿ ನಿಂತವರು

ಕೊಳ್ಳೇಗಾಲ ಸೀಮೆಯವರಾದ ನಮಗೆ ಕೊಯಮತ್ತೂರು ಪರರ ಊರಲ್ಲ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯದೇ ಒಂದು ತಾಲ್ಲೂಕು. ನಮ್ಮಜ್ಜನ ಕಾಲದವರು ಜಮೀನಿನ ವ್ಯಾಜ್ಯಕ್ಕೂ ದೊಡ್ಡ ಕಾಯಿಲೆಗೂ ದಿಂಬಂ ಘಾಟಿ ಇಳಿದೇ ಹೋಗುತ್ತಿದ್ದರು. ಚಾಮರಾಜನಗರ, ಹಾಸನೂರು ದಾಟಿ, ಘಾಟಿಯ 27 ತಿರುವು ಇಳಿದು, ಸತ್ಯಮಂಗಲ, ಅಣ್ಣೂರು ಮೇಲೆ ಹಾಯುವ ದಾರಿ ಅದು. 1990ರ ದಶಕದ ಕೊನೆಯಲ್ಲಿ ನರ್ಸಿಂಗ್ ಓದಲೆಂದು ನಾನೂ ಅದೇ ದಾರಿ ಹಿಡಿದೆ. ಕೊಯಮತ್ತೂರಿನ ಒಂದು ಖಾಸಗಿ ಆಸ್ಪತ್ರೆಯ ಶಾಲೆಯಲ್ಲಿ ಜಿಎನ್‌ಎಂ ಮುಗಿಸಿ, ನರ್ಸಿಂಗ್ ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸಿ, ಹೆಂಗಸರ ಮೆಡಿಕಲ್ ವಾರ್ಡಿಗೆ ಸ್ಟಾಫ್ ನರ್ಸ್ ಆಗಿ ಸೇರಿದೆ. ಅಂದಿನಿಂದ ಇಂದಿನವರೆಗೆ ಈ ಕೆಲಸದಲ್ಲಿ ನಾನು ಉಳಿದುಕೊಂಡಿರುವುದಕ್ಕೆ ಕಾರಣ ನನ್ನ ಅಂಕಪಟ್ಟಿಯಲ್ಲ. ಮೊದಲ ವರ್ಷ ನನ್ನ ಪಕ್ಕದಲ್ಲಿ ಒಬ್ಬರು ನಿಂತಿದ್ದರು.

ಅವರು ಆ ವಾರ್ಡಿನ ಹಿರಿಯ ಸ್ಟಾಫ್ ನರ್ಸ್. ಭವಾನಿ ನದಿಯ ದಂಡೆಯ ಸಿರುಮುಗೈ ಕಡೆಯ ದೇವಾಂಗ ನೇಕಾರರ ಮನೆಯವರು. ಕೊಯಮತ್ತೂರಿನ ಸುತ್ತಮುತ್ತ ದೇವಾಂಗರಲ್ಲಿ ಅನೇಕರ ಮನೆಮಾತು ಇವತ್ತಿಗೂ ಕನ್ನಡ, ಓದುಬರಹವೆಲ್ಲ ತಮಿಳು. ನನ್ನ ತಮಿಳು ಕೇಳಿದ ಮೊದಲ ದಿನವೇ ಅವರು, "ನೀನು ಮೇಲಿನ ಸೀಮೆಯವಳೇನಮ್ಮಾ?" ಎಂದು ಕನ್ನಡದಲ್ಲಿ ಕೇಳಿದರು. ತಮಿಳುನಾಡಿನ ಆಸ್ಪತ್ರೆಗಳಲ್ಲಿ ಕಿರಿಯರು ಹಿರಿಯ ನರ್ಸನ್ನು ಅಕ್ಕಾ ಎಂದೇ ಕರೆಯುವುದು. ನನಗೂ ಅವರು ಅಕ್ಕ ಆದರು.

ವಾರ್ಡಿಗೆ ಬಂದಾಗ ನನ್ನ ತಲೆ ತುಂಬ ಪಾಠವಿತ್ತು. ಪುಸ್ತಕದಲ್ಲಿ ಒಂದೊಂದು ಕಾಯಿಲೆಗೆ ಒಂದೊಂದು ಅಧ್ಯಾಯ. ವಾರ್ಡಿನಲ್ಲಿ ಒಂದೇ ಹಾಸಿಗೆಯ ಮೇಲೆ ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಕಾಲಿನ ಹುಣ್ಣು ಮೂರೂ ಮಲಗಿರುತ್ತಿದ್ದವು. ಸುತ್ತ ನಿಂತ ನೆಂಟರೆಲ್ಲರೂ ಒಂದೇ ಸಲ ಪ್ರಶ್ನೆ ಕೇಳುತ್ತಿದ್ದರು. ಯಾವುದನ್ನು ಮೊದಲು ನೋಡಬೇಕು, ಯಾವುದು ಹತ್ತು ನಿಮಿಷ ಕಾಯಬಹುದು ಎಂಬುದನ್ನು ಯಾವ ಪರೀಕ್ಷೆಯೂ ಕೇಳಿರಲಿಲ್ಲ. ಅಕ್ಕ ಕಲಿಸಿದ್ದು ಅದನ್ನೇ. ಅದಕ್ಕಾಗಿ ಅವರು ನನ್ನನ್ನು ಎಲ್ಲಿಯೂ ಕೂರಿಸಿ ಉಪನ್ಯಾಸ ಕೊಡಲಿಲ್ಲ. ಡ್ಯೂಟಿ ಬದಲಾಗುವ ಹೊತ್ತಿಗೆ ಕಾಲು ಗಂಟೆ ಮೊದಲೇ ಬರುತ್ತಿದ್ದರು, ನನ್ನನ್ನು ಜೊತೆಗಿಟ್ಟುಕೊಂಡು ಹಾಸಿಗೆಯಿಂದ ಹಾಸಿಗೆಗೆ ನಡೆಯುತ್ತಿದ್ದರು. "ಇಲ್ಲಿ ಮಲಗಿರೋರಲ್ಲಿ ಇವತ್ತು ರಾತ್ರಿ ಯಾರು ಕೆಡಬಹುದು ಹೇಳು" ಎನ್ನುತ್ತಿದ್ದರು. ನಾನು ಹೇಳಿದ ಮೇಲೆ, "ಯಾಕೆ?" ಎನ್ನುವರು. ಆ 'ಯಾಕೆ'ಗೆ ಉತ್ತರ ಹುಡುಕುತ್ತಲೇ ನಾನು ರೋಗಿಯನ್ನು ನೋಡುವುದನ್ನು ಕಲಿತೆ.

ಮೊದಲ ಪಾಠ ಉಸಿರಿನದು. ಜ್ವರಕ್ಕೆ ಥರ್ಮಾಮೀಟರ್ ಇಡುತ್ತೇವೆ, ನಾಡಿಗೆ ಬೆರಳಿಡುತ್ತೇವೆ, ಉಸಿರನ್ನು ಮಾತ್ರ ಕಣ್ಣಂದಾಜಿನಲ್ಲಿ 20 ಎಂದು ಚಾರ್ಟಿಗೆ ಬರೆದುಬಿಡುವ ಅಭ್ಯಾಸ ಎಷ್ಟೋ ಆಸ್ಪತ್ರೆಗಳಲ್ಲಿದೆ. ಅಕ್ಕ ಕೈಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸುತ್ತಿದ್ದರು. ರೋಗಿಗೆ ಗೊತ್ತಾದರೆ ಉಸಿರಾಟ ಬದಲಾಗುತ್ತದೆಂದು ನಾಡಿ ಹಿಡಿದಂತೆಯೇ ಕೈಯಿಟ್ಟುಕೊಂಡು ಎಣಿಸುತ್ತಿದ್ದರು. "ರಕ್ತದೊತ್ತಡ ಬೀಳೋದು ಕೊನೆಗೆ. ಅದಕ್ಕೂ ಎಷ್ಟೋ ಹೊತ್ತು ಮುಂಚೆ ಉಸಿರು ಹೇಳ್ತದೆ. ಕೇಳಿಸಿಕೊಳ್ಳೋಕೆ ಒಬ್ಬರು ಬೇಕು" ಎಂದಿದ್ದರು. ಉಸಿರಿನ ಸಂಖ್ಯೆ ಏರುವುದು ದೇಹ ಸೋಲುತ್ತಿರುವ ಮೊದಲ ಸೂಚನೆಗಳಲ್ಲಿ ಒಂದು ಎಂಬುದು ಪುಸ್ತಕದಲ್ಲೂ ಇದೆ. ನಾನು ಅದನ್ನು ಓದಿಯೂ ಇದ್ದೆ. ಓದಿದ್ದು ಕೈಗೆ ಬಂದದ್ದು ಅವರ ಪಕ್ಕ ನಿಂತು ಎಣಿಸಿದಾಗ.

ಎರಡನೆಯದು ಔಷಧಿಯದು. ಕಪಾಟಿನಿಂದ ತೆಗೆಯುವಾಗ ಒಮ್ಮೆ, ಸಿರಿಂಜಿಗೆ ಎಳೆಯುವಾಗ ಒಮ್ಮೆ, ಸೀಸೆ ಕೆಳಗಿಡುವಾಗ ಒಮ್ಮೆ, ಹೀಗೆ ಮೂರು ಸಲ ಲೇಬಲ್ ಓದಬೇಕು. ಅಕ್ಕ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಇನ್ಸುಲಿನ್, ಹೆಪಾರಿನ್, ಪೊಟ್ಯಾಷಿಯಂ ಕ್ಲೋರೈಡ್‌ನಂತಹ ಔಷಧಿಗಳನ್ನು ಇನ್ನೊಬ್ಬರು ನೋಡಿ ಹೂಂ ಅನ್ನದೆ ಕೊಡುತ್ತಿರಲಿಲ್ಲ. ಅಷ್ಟು ವರ್ಷದ ಅನುಭವಸ್ಥೆ ನಿನ್ನೆ ಮೊನ್ನೆ ಬಂದ ನನ್ನನ್ನು ಕರೆದು, "ನೋಡಮ್ಮಾ, ನಾನು ಎಳೆದದ್ದು ಸರಿಯಾಗಿದೆಯಾ?" ಎಂದು ಕೇಳುತ್ತಿದ್ದರು. ಹಿರಿಯರೂ ತಮ್ಮ ಕೈಯನ್ನು ಇನ್ನೊಬ್ಬರ ಕಣ್ಣಿಗೆ ಒಪ್ಪಿಸಬೇಕೆಂಬ ಪಾಠ ಅದರಲ್ಲಿತ್ತು. ಅಂಥ ವಾರ್ಡಿನಲ್ಲಿ ಕಿರಿಯಳಿಗೆ ಸಂಶಯ ಬಂದರೆ ಬಾಯಿ ಬಿಟ್ಟು ಕೇಳುವ ಧೈರ್ಯ ಬರುತ್ತದೆ. ಕೇಳಲು ಹೆದರುವ ನರ್ಸು ರೋಗಿಗೆ ಅಪಾಯ.

ಕೊಯಮತ್ತೂರು, ತಿರುಪ್ಪೂರು ಸೀಮೆಗೆ ತನ್ನವೇ ಆದ ತುರ್ತುಗಳಿವೆ. ಪಲ್ಲಡಂ, ಉಡುಮಲೈ, ಧಾರಾಪುರಂ ಕಡೆಯ ಹೊಲಗಳಿಂದ ಹಾವು ಕಚ್ಚಿದವರನ್ನು ರಾತ್ರಿ ಹೊತ್ತು ಕರೆತರುತ್ತಾರೆ. ಕೊಳಕುಮಂಡಲದ ಕಡಿತವಾದರೆ ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ. ಅದನ್ನು ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ: ಸ್ವಚ್ಛವಾದ, ಒಣಗಿದ ಗಾಜಿನ ಕೊಳವೆಯಲ್ಲಿ 2 ಮಿಲಿಲೀಟರ್ ರಕ್ತ ತೆಗೆದು, 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಒಂದೇ ಸಲ ಬಾಗಿಸಿ ನೋಡಬೇಕು. ಹೆಪ್ಪಾಗದಿದ್ದರೆ ವಿಷ ರಕ್ತಕ್ಕೆ ಇಳಿದಿದೆ, ವಿಷಹರ ಸೀರಂ ಬೇಕು. ಇಷ್ಟು ಸುಲಭದ ಪರೀಕ್ಷೆ ಕೆಡುವುದೂ ಸುಲಭ. ಸಾಬೂನಿನಲ್ಲಿ ತೊಳೆದ ಕೊಳವೆಯಾದರೆ, ಪ್ಲಾಸ್ಟಿಕ್ಕಿನದಾದರೆ, ಆತುರಕ್ಕೆ ನಡುವೆ ಒಮ್ಮೆ ಅಲ್ಲಾಡಿಸಿದರೆ ಉತ್ತರ ಸುಳ್ಳಾಗುತ್ತದೆ. ಅಕ್ಕ ಹೊಸ ಗಾಜಿನ ಕೊಳವೆಗಳನ್ನು ಬೇರೆ ಡಬ್ಬಿಯಲ್ಲಿ ಎತ್ತಿಟ್ಟಿದ್ದರು. ಮೊದಲ ಸಲ ನನ್ನ ಕೈಗೆ ಕೊಳವೆ ಕೊಟ್ಟು, ರೋಗಿಯ ತಲೆದೆಸೆಯಲ್ಲಿ ಅದನ್ನು ನಿಲ್ಲಿಸಿ, ತಾವೂ ಪಕ್ಕದಲ್ಲೇ ಇದ್ದರು. ಆ ಹೊತ್ತಿನಲ್ಲಿ ಕಡಿತದ ಜಾಗದ ಊತಕ್ಕೆ ಪೆನ್ನಿನಲ್ಲಿ ಗೆರೆ ಎಳೆದು ಗಂಟೆ ಬರೆಯುವುದು, ವಸಡಿನಲ್ಲಿ ರಕ್ತವಿದೆಯೇ ನೋಡುವುದು, ಕಣ್ಣಿನ ರೆಪ್ಪೆ ಇಳಿಯುತ್ತಿದೆಯೇ ನೋಡುವುದು, ಎಲ್ಲವನ್ನೂ ತೋರಿಸಿದರು.

ಇನ್ನೊಂದು ಬಗೆಯ ರಾತ್ರಿಗಳೂ ಇದ್ದವು. ಬೆಳೆಗೆ ಹೊಡೆಯುವ ಔಷಧಿಯಿಂದ, ಇಲ್ಲವೇ ಈ ಭಾಗದಲ್ಲಿ ಅಂಗಳಕ್ಕೆ ಸಗಣಿ ನೀರಿನ ಬದಲು ಚಿಮುಕಿಸುವ ಬಣ್ಣದ 'ಸಾಣಿ ಪೌಡರ್'ನಿಂದ ಜೀವಕ್ಕೆ ಅಪಾಯ ತಂದುಕೊಂಡವರು ಬರುತ್ತಿದ್ದರು. ಬೆಳೆ ಔಷಧಿಯ ವಿಷಕ್ಕೆ ಅಟ್ರೋಪಿನ್ ಕೊಡುವಾಗ ನರ್ಸಿನ ಕಣ್ಣು ಕದಲುವಂತಿಲ್ಲ. ಕಣ್ಣಿನ ಪಾಪೆ, ನಾಡಿ, ಎದೆಯ ಸದ್ದು ಎಲ್ಲ ನೋಡಿದ ಮೇಲೆ, "ಕಂಕುಳು ಮುಟ್ಟಿ ನೋಡು, ಬೆವರಿದೆಯಾ ಒಣಗಿದೆಯಾ" ಎನ್ನುತ್ತಿದ್ದರು ಅಕ್ಕ. ಔಷಧಿ ಸಾಲದೆ ಹೋದರೆ ಎದೆಯಲ್ಲಿ ನೀರು ತುಂಬುತ್ತದೆ, ಹೆಚ್ಚಾದರೆ ಮೈ ಕಾದು ರೋಗಿ ಬಡಬಡಿಸುತ್ತಾಳೆ; ನಡುವಿನ ಆ ಹದವನ್ನು ಗಂಟೆಗಂಟೆಗೂ ಕೈಯಲ್ಲಿ ಮುಟ್ಟಿ ತಿಳಿಯಬೇಕು. ರೋಗಿ ಕಣ್ಣು ಬಿಟ್ಟ ಮೇಲಿನ ಪಾಠ ಅದಕ್ಕಿಂತ ದೊಡ್ಡದು. "ಯಾಕೆ ಹೀಗೆ ಮಾಡ್ಕೊಂಡೆ ಅಂತ ಕೇಳಬೇಡ. ಎದ್ದ ತಕ್ಷಣ ಎಲ್ಲರೂ ಅದನ್ನೇ ಕೇಳ್ತಾರೆ. ನೀನು, ಬಾಯಿ ಒಣಗಿದೆಯಾ, ತುಟಿ ಒದ್ದೆ ಮಾಡ್ಲಾ ಅಂತ ಕೇಳು." ಆ ಹೆಂಗಸರಲ್ಲಿ ಎಷ್ಟೋ ಮಂದಿ ನಡುರಾತ್ರಿ ತಾವಾಗಿಯೇ ಅಕ್ಕನ ಕೈ ಹಿಡಿದು ಮಾತು ತೆಗೆಯುವುದನ್ನು ನಾನು ನೋಡಿದ್ದೇನೆ. ಬೆಳಿಗ್ಗೆ ಮನೋವೈದ್ಯರಿಗೆ ತೋರಿಸುವ ಏರ್ಪಾಟನ್ನೂ ಅವರೇ ಮಾಡಿಸುತ್ತಿದ್ದರು.

ಡ್ಯೂಟಿ ಡಾಕ್ಟರನ್ನು ರಾತ್ರಿ ಎರಡು ಗಂಟೆಗೆ ಎಬ್ಬಿಸುವುದಕ್ಕೂ ಒಂದು ವಿದ್ಯೆ ಇದೆ. ಫೋನು ಎತ್ತುವ ಮುಂಚೆ ನಾಡಿ, ಬಿಪಿ, ಉಸಿರು, ಮೂತ್ರದ ಪ್ರಮಾಣ, ಕೊನೆಗೆ ಕೊಟ್ಟ ಔಷಧಿ, ಕೊಟ್ಟ ಗಂಟೆ ಎಲ್ಲವೂ ಚೀಟಿಯಲ್ಲಿರಬೇಕು. ಮೊದಲ ವಾಕ್ಯದಲ್ಲೇ ರೋಗಿ ಯಾರು, ಏನಾಗಿದೆ, ನೀವು ಬರಬೇಕು ಎಂದು ಹೇಳಿಬಿಡಬೇಕು. "ಪೇಷೆಂಟ್ ಯಾಕೋ ಸರಿಯಿಲ್ಲ ಅಂದ್ರೆ ಅವರು ಮತ್ತೆ ಮಲಗ್ತಾರೆ. ಉಸಿರು 34, ಮೂತ್ರ ನಿಂತು ನಾಲ್ಕು ಗಂಟೆ ಅಂದ್ರೆ ಎದ್ದು ಬರ್ತಾರೆ" ಎಂಬುದು ಅಕ್ಕನ ಮಾತು. ನಾನು ಫೋನಿನಲ್ಲಿ ಮಾತಾಡುವಾಗ ಅವರು ಪಕ್ಕದಲ್ಲಿರುತ್ತಿದ್ದರು, ಫೋನು ಮಾತ್ರ ಕಸಿದುಕೊಳ್ಳುತ್ತಿರಲಿಲ್ಲ.

ಮೊದಲ ಸಾವು ಯಾವ ನರ್ಸಿಗೂ ಮರೆಯುವುದಿಲ್ಲ. ನನ್ನ ಕೈಯಡಿ ಮೊದಲು ತೀರಿಕೊಂಡದ್ದು ವಾಳಯಾರ್ ಆಚೆಯಿಂದ ಬಂದಿದ್ದ ಒಬ್ಬ ಮುದುಕಿ. ಡಾಕ್ಟರು ಬರೆದು ಹೋದ ಮೇಲೆ ಅಕ್ಕ ಪರದೆ ಎಳೆದರು. ಕಣ್ಣು ಮುಚ್ಚಿಸುವುದು, ನಳಿಗೆಗಳನ್ನು ಒಂದೊಂದಾಗಿ ತೆಗೆಯುವುದು, ಮುಖ ಒರೆಸುವುದು, ತಲೆ ಬಾಚುವುದು, ಎಲ್ಲವನ್ನೂ ಜೀವವಿದ್ದಾಗ ಮಾಡುವಷ್ಟೇ ಮೆತ್ತಗೆ ಮಾಡಿದರು, ನನ್ನ ಕೈಯಲ್ಲೂ ಮಾಡಿಸಿದರು. ಪ್ರತಿಯೊಂದಕ್ಕೂ ಮುಂಚೆ, "ಅಮ್ಮಾ, ಮುಖ ಒರೆಸ್ತೀನಿ" ಎಂದು ಆ ಮುದುಕಿಗೆ ಹೇಳುತ್ತಿದ್ದರು. ಆಮೇಲೆ ನನ್ನನ್ನು ಡ್ಯೂಟಿ ರೂಮಿಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟು, "ಈಗ ಅಳು. ಹತ್ತು ನಿಮಿಷ ನಾನು ವಾರ್ಡ್ ನೋಡ್ಕೋತೀನಿ" ಎಂದರು. ಆ ಹತ್ತು ನಿಮಿಷ ಸಿಗದ ಹುಡುಗಿಯರು ಈ ಕೆಲಸದಲ್ಲಿ ಒಂದೋ ಕಲ್ಲಾಗುತ್ತಾರೆ, ಇಲ್ಲವೇ ಬಿಟ್ಟು ಹೋಗುತ್ತಾರೆ.

ಬಿಟ್ಟು ಹೋದವರನ್ನು ನಾನು ಬಲ್ಲೆ. ನನ್ನ ಜೊತೆ ಓದಿದವಳೊಬ್ಬಳು, ನಮ್ಮೆಲ್ಲರಿಗಿಂತ ಹೆಚ್ಚು ಅಂಕ ತೆಗೆದವಳು, ಬೇರೊಂದು ಆಸ್ಪತ್ರೆಗೆ ಸೇರಿದಳು. ಮೊದಲ ವಾರವೇ ಅವಳನ್ನು ರಾತ್ರಿ ಪಾಳಿಗೆ ಒಬ್ಬಳೇ ಹಾಕಿದರು. ಏನು ಕೇಳಿದರೂ ಹಿರಿಯರಿಂದ ಬಂದ ಉತ್ತರ, "ಕಾಲೇಜಿನಲ್ಲಿ ಹೇಳಿಕೊಡಲಿಲ್ಲವಾ?" ವರ್ಷ ತುಂಬುವುದರೊಳಗೆ ಅವಳು ಸಮವಸ್ತ್ರ ಮಡಿಸಿಟ್ಟು ಒಂದು ಬನಿಯನ್ ಕಂಪನಿಯ ಲೆಕ್ಕ ಬರೆಯುವ ಕೆಲಸಕ್ಕೆ ಹೋದಳು. ಅವಳಲ್ಲಿ ಕೊರತೆ ಇರಲಿಲ್ಲ. ಅವಳ ಪಕ್ಕದ ಜಾಗ ಖಾಲಿ ಇತ್ತು. ಇದು ನಮ್ಮ ಊರಿನ ಕಥೆ ಮಾತ್ರವಲ್ಲ. ಅಮೆರಿಕದ ನರ್ಸಿಂಗ್ ವಿದ್ವಾಂಸೆ ಮಾರ್ಲೀನ್ ಕ್ರೇಮರ್ 1974ರಲ್ಲಿ ಇದರ ಮೇಲೆಯೇ 'ರಿಯಾಲಿಟಿ ಶಾಕ್' ಎಂಬ ಪುಸ್ತಕ ಬರೆದರು: ಶಾಲೆಯಲ್ಲಿ ಕಲಿತದ್ದಕ್ಕೂ ವಾರ್ಡಿನಲ್ಲಿ ಕಂಡದ್ದಕ್ಕೂ ನಡುವಿನ ಕಂದರದಲ್ಲಿ ಹೊಸ ನರ್ಸುಗಳು ಹೇಗೆ ಬೀಳುತ್ತಾರೆ, ಯಾಕೆ ಕೆಲಸ ಬಿಡುತ್ತಾರೆ ಎಂಬುದೇ ಅದರ ವಿಷಯ.

ಹತ್ತು ವರ್ಷದ ನಂತರ, 1984ರಲ್ಲಿ, ಇನ್ನೊಬ್ಬ ನರ್ಸಿಂಗ್ ವಿದ್ವಾಂಸೆ ಪ್ಯಾಟ್ರಿಷಿಯಾ ಬೆನ್ನರ್ ಇನ್ನೊಂದು ಮುಖ್ಯ ಪುಸ್ತಕ ತಂದರು. ಚದುರಂಗದ ಆಟಗಾರರು, ವಿಮಾನ ಚಾಲಕರು ಹೇಗೆ ಪಳಗುತ್ತಾರೆಂದು ಡ್ರೇಫಸ್ ಸಹೋದರರು ಮಾಡಿದ್ದ ಅಧ್ಯಯನವನ್ನು ಬೆನ್ನರ್ ನರ್ಸುಗಳಿಗೆ ಅನ್ವಯಿಸಿ, ಹೊಸಬಳಿಂದ ನಿಪುಣೆಯವರೆಗೆ ಐದು ಹಂತಗಳಿವೆ ಎಂದರು. ಹೊಸಬಳು ನಿಯಮ ನೋಡಿ ನಡೆಯುತ್ತಾಳೆ. ನಿಪುಣೆ ರೋಗಿಯ ಇಡೀ ಸ್ಥಿತಿಯನ್ನು ಒಂದೇ ನೋಟಕ್ಕೆ ಹಿಡಿಯುತ್ತಾಳೆ, ಹೇಗೆ ಹಿಡಿದೆ ಎಂದು ಅವಳಿಗೇ ಬಿಡಿಸಿ ಹೇಳಲು ಬಾರದು. ಓದಿದಾಗ ನನಗೆ ಅಕ್ಕನೇ ಕಂಡರು. ಬಿಡಿಸಿ ಹೇಳಲು ಬಾರದ ತಿಳಿವಳಿಕೆಯನ್ನು ದಾಟಿಸಲು ಇರುವ ದಾರಿ ಒಂದೇ, ಅದನ್ನು ಬಲ್ಲವರ ಜೊತೆಗಿದ್ದು ನೋಡುವುದು. ಅಕ್ಕ ಇದನ್ನು ತಮ್ಮ ಮನೆಯ ಮಾತಿನಲ್ಲಿ ಹೇಳಿದ್ದರು: "ನಮ್ಮ ಮನೇಲಿ ಮಕ್ಕಳು ಮೊದಲು ಕಂಡಿಕೆ ಸುತ್ತಬೇಕು, ಆಮೇಲೆ ಕಡಿದ ಎಳೆ ಗಂಟು ಹಾಕಬೇಕು, ಅಪ್ಪನ ಪಕ್ಕ ಕೂತು ಕೂತು ಒಂದು ದಿನ ಮಗ್ಗಕ್ಕೆ ಕೂರಬೇಕು."

ನರ್ಸಿಂಗ್ ವೃತ್ತಿಯ ಬೇರಿನಲ್ಲೇ ಈ ನಂಬಿಕೆಯಿದೆ. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆ ತೆರೆದಾಗ ಕಲಿಯುವ ಹುಡುಗಿಯರನ್ನು ವಾರ್ಡ್ ಸಿಸ್ಟರುಗಳ ಕೈಗೆ ಒಪ್ಪಿಸಿದರು. ಕಾಯಿಲೆಯಿಂದ ಮನೆ ಬಿಟ್ಟು ಹೊರಬರಲಾಗದಿದ್ದರೂ 1872ರಿಂದ ಆ ವಿದ್ಯಾರ್ಥಿನಿಯರಿಗೆ ದೀರ್ಘ ಪತ್ರಗಳನ್ನು ಬರೆಯುತ್ತ ಬಂದರು. ನಮ್ಮ ತಮಿಳುನಾಡಿನಲ್ಲೇ ವೆಲ್ಲೂರಿನಲ್ಲಿ ಐಡಾ ಸ್ಕಡರ್ 1909ರಲ್ಲಿ ನರ್ಸಿಂಗ್ ಶಾಲೆ ಕಟ್ಟಿದರು. 1946ರಲ್ಲಿ ಅದು ಪದವಿ ಶಿಕ್ಷಣದ ಮಟ್ಟಕ್ಕೇರಿತು. ಇವತ್ತು ಕೊಯಮತ್ತೂರಿನಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ. ಕಾಲೇಜು ಮುಗಿದ ಮರುದಿನದಿಂದ ಹುಡುಗಿಯನ್ನು ಯಾರ ಕೈಗೆ ಒಪ್ಪಿಸುತ್ತೇವೆ ಎಂಬುದು ಮಾತ್ರ ಅನೇಕ ಕಡೆ ತೀರ್ಮಾನವಾಗಿಲ್ಲ.

2009ರಲ್ಲಿ ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾಯಿತು. ಕೆಲ ಸಮಯದ ನಂತರ ನಾನು ಅಲ್ಲಿನ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಸೇರಿದೆ. ಬನಿಯನ್ ಕಂಪನಿಗಳ ಊರು. ಒಡಿಶಾ, ಬಿಹಾರ, ಜಾರ್ಖಂಡಿನಿಂದ ದುಡಿಯಲು ಬಂದ ಸಂಸಾರಗಳು. ತವರಿನವರು ಯಾರೂ ಜೊತೆಗಿಲ್ಲದೆ, ರಕ್ತಹೀನತೆಯಿಂದ ಬಿಳಿಚಿಕೊಂಡು, ಚಿಕ್ಕ ವಯಸ್ಸಿನ ಹೆಂಗಸರು ಹೆರಿಗೆಗೆ ಬರುತ್ತಿದ್ದರು. ಮೈಯಲ್ಲಿ ರಕ್ತವೇ ಕಡಿಮೆಯಿದ್ದವರಿಗೆ ಹೆರಿಗೆಯ ನಂತರದ ರಕ್ತಸ್ರಾವ ಬಲು ಬೇಗ ಪ್ರಾಣಕ್ಕೆ ಬರುತ್ತದೆ. 500 ಮಿಲಿಲೀಟರ್ ದಾಟಿದರೆ ಅದು ಅಪಾಯದ ಸ್ರಾವ. ಬಟ್ಟೆಯಲ್ಲಿ ಇಂಗಿದ ರಕ್ತವನ್ನು ಕಣ್ಣಿನಿಂದ ಅಳೆದರೆ ಸಾಮಾನ್ಯವಾಗಿ ಕಡಿಮೆಯೇ ಕಾಣುತ್ತದೆ.

ಅಲ್ಲಿ ನನ್ನ ಜೊತೆ ಕಾಂಗೇಯಂ ಕಡೆಯ ಒಬ್ಬ ಹುಡುಗಿಯನ್ನು ಹಾಕಿದರು. ಬಿ.ಎಸ್ಸಿ. ಮುಗಿಸಿದ್ದಳು, ಓದಿನಲ್ಲಿ ನನಗಿಂತ ಮುಂದಿದ್ದಳು. ಹೆರಿಗೆಯಾದ ತಾಯಿಯ ಹೊಟ್ಟೆಯ ಮೇಲೆ ಅವಳ ಕೈ ಇಡಿಸಿ, ಅದರ ಮೇಲೆ ನನ್ನ ಕೈ ಇಟ್ಟೆ. ಹೊಕ್ಕುಳ ಮಟ್ಟದಲ್ಲಿ ಗರ್ಭಕೋಶ ಗಟ್ಟಿಯಾಗಿ ಕೈಗೆ ಸಿಗಬೇಕು. ಮೆತ್ತಗಾದರೆ ಒಳಗೆ ರಕ್ತ ಹೋಗುತ್ತಿದೆ ಎಂದೇ ಅರ್ಥ. ಮೊದಲ ಗಂಟೆ ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಮುಟ್ಟಿ ನೋಡಬೇಕು. ಒಂದು ರಾತ್ರಿ ನಾನು ಪಕ್ಕದ ಕೋಣೆಯಲ್ಲಿದ್ದಾಗ ಅವಳು, "ಅಕ್ಕಾ, ಕೈಗೆ ಸಿಗ್ತಿಲ್ಲ" ಎಂದು ತಮಿಳಿನಲ್ಲಿ ಕೂಗಿದಳು. ನಾನು ಓಡಿ ಬರುವಷ್ಟರಲ್ಲಿ ಹೊಟ್ಟೆ ನೀವಲು ಶುರು ಮಾಡಿದ್ದಳು, ಇನ್ನೊಬ್ಬಳನ್ನು ಡಾಕ್ಟರ ಬಳಿಗೆ ಓಡಿಸಿದ್ದಳು, ಆಕ್ಸಿಟೋಸಿನ್ ಡ್ರಿಪ್ಪಿಗೆ ಕೈ ಹಾಕಿದ್ದಳು. ಒಡಿಶಾದ ಆ ತಾಯಿ ಮಗುವನ್ನೆತ್ತಿಕೊಂಡು ಮನೆಗೆ ಹೋದಳು. ಅಕ್ಕ ನನಗೆ ಕೊಟ್ಟದ್ದು ನನ್ನಲ್ಲಿ ನಿಲ್ಲಲಿಲ್ಲ ಎಂಬ ಸಂತೋಷ ನನಗೆ ಅಂದು ಸಿಕ್ಕಿತು. ನನ್ನ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಸಂತೋಷ ಇನ್ನೊಂದಿಲ್ಲ.

2021ರ ಮೇ ಕೊನೆಯಲ್ಲಿ ಕೊಯಮತ್ತೂರಿನ ದಿನದ ಕೋವಿಡ್ ಪ್ರಕರಣಗಳು ಚೆನ್ನೈಯನ್ನೂ ಮೀರಿದವು. ಸಿಂಗಾನಲ್ಲೂರಿನ ಇಎಸ್‌ಐ ಆಸ್ಪತ್ರೆಯಿಂದ ಹಿಡಿದು ಸಣ್ಣ ಖಾಸಗಿ ಆಸ್ಪತ್ರೆಗಳವರೆಗೆ ಹಾಸಿಗೆಗಾಗಿ ಪರದಾಟ. ತಿರುಪ್ಪೂರಿನಲ್ಲೂ ಅದೇ ಸ್ಥಿತಿ. ಕೋರ್ಸು ಮುಗಿಸಿ ಹೊರಬಿದ್ದವರೆಲ್ಲ ನೇರ ಐಸಿಯುಗೆ ಬಂದರು. ನಾವು ಹಿರಿಯರು ಮಾಡಿದ್ದು ಒಂದೇ ಕೆಲಸ: ಪ್ರತಿ ಹೊಸಬಳಿಗೆ ಒಬ್ಬ ಹಳಬಳನ್ನು ಜೋಡಿ ಮಾಡಿದೆವು. ರಕ್ಷಣಾ ಉಡುಪು ತೊಡುವಾಗಲೂ ಕಳಚುವಾಗಲೂ ಜೋಡಿಯವಳು ಎದುರಿಗಿರಬೇಕು. ಸೋಂಕು ತಗಲುವ ಭಯ ಹೆಚ್ಚಿರುವುದು ಕಳಚುವಾಗಲೇ. ರೋಗಿಯನ್ನು ಬೋರಲು ಮಲಗಿಸುವಾಗ ಆಕ್ಸಿಜನ್ ನಳಿಗೆ ಯಾರ ಕೈಯಲ್ಲಿ, ತಲೆ ಯಾರ ಕೈಯಲ್ಲಿ ಎಂದು ಮೊದಲೇ ಮಾತಾಡಿಕೊಳ್ಳಬೇಕು. ಜೋಡಿಯಿದ್ದ ಹುಡುಗಿಯರು ಹೆದರಿದರು, ಅತ್ತರು, ಮರುದಿನ ಮತ್ತೆ ಡ್ಯೂಟಿಗೆ ಬಂದರು.

ಜಗತ್ತಿನಲ್ಲಿ 2 ಕೋಟಿ 79 ಲಕ್ಷ ನರ್ಸುಗಳಿದ್ದಾರೆ, ಇನ್ನೂ 59 ಲಕ್ಷ ಮಂದಿಯ ಕೊರತೆಯಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಕೊರತೆಯ ಮಾತು ಬಂದಾಗಲೆಲ್ಲ ಹೊಸ ಕಾಲೇಜು, ಹೊಸ ಸೀಟು ಎನ್ನುತ್ತಾರೆ. ಅವು ಬೇಕು. ಬಂದವರನ್ನು ಮೊದಲ ವರ್ಷದಲ್ಲೇ ಕಳೆದುಕೊಂಡರೆ ಎಷ್ಟು ಸೀಟು ಹೆಚ್ಚಿಸಿ ಏನು? ಕಲಿಸುವುದನ್ನು ಇಂದಿಗೂ ನಾವು ಹಿರಿಯ ನರ್ಸಿನ ಒಳ್ಳೆಯತನಕ್ಕೆ ಬಿಟ್ಟಿದ್ದೇವೆ. ನನಗೆ ಅಂಥ ಅಕ್ಕ ಸಿಕ್ಕರು, ನನ್ನ ಗೆಳತಿಗೆ ಸಿಗಲಿಲ್ಲ. ರೋಗಿಯ ಪ್ರಾಣ ಇಂಥ ಅದೃಷ್ಟದ ಮೇಲೆ ನಿಲ್ಲಬಾರದು.

ಆಸ್ಪತ್ರೆ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟು. ಹೊಸ ನರ್ಸನ್ನು ಮೊದಲ ಮೂರು ತಿಂಗಳು ತಲೆಲೆಕ್ಕಕ್ಕೆ ಸೇರಿಸಬೇಡಿ. ಡ್ಯೂಟಿ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಒಬ್ಬ ಹಿರಿಯಳ ಹೆಸರು ಬರೆಯಿರಿ. ಆ ಹಿರಿಯಳಿಗೆ ರೋಗಿಗಳ ಸಂಖ್ಯೆ ಕಡಿಮೆ ಮಾಡಿ. ಕಲಿಸಿದ್ದನ್ನು ಅವಳ ಬಡ್ತಿಗೂ ಸಂಬಳಕ್ಕೂ ಲೆಕ್ಕ ಹಿಡಿಯಿರಿ. ಯಾವ ಹೊಸಬಳನ್ನೂ ಮೊದಲ ರಾತ್ರಿ ಪಾಳಿಗೆ ಒಬ್ಬಳನ್ನೇ ಬಿಡಬೇಡಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ.

ನನ್ನ ಜೊತೆಯ ಹಿರಿಯ ನರ್ಸುಗಳಿಗೂ ಒಂದು ಮಾತು. ಆಸ್ಪತ್ರೆಯ ಆದೇಶ ಬರುವವರೆಗೆ ಕಾಯಬೇಡಿ. ನಿಮ್ಮ ವಾರ್ಡಿನಲ್ಲಿ ಇವತ್ತು ಹೆದರಿ ನಿಂತಿರುವ ಹುಡುಗಿ ಯಾರೆಂದು ನಿಮಗೆ ಗೊತ್ತು. ಅವಳನ್ನು ಹೆಸರು ಹಿಡಿದು ಕರೆಯಿರಿ, ನಿಮ್ಮ ಜೊತೆ ರೌಂಡಿಗೆ ಕರೆದೊಯ್ಯಿರಿ, ಅವಳ ಪ್ರಶ್ನೆಗೆ ಉತ್ತರ ಕೊಡಿ. ನೀವು ನಿವೃತ್ತರಾದ ಮೇಲೆ ನಿಮ್ಮ ರೋಗಿಗಳನ್ನು ನೋಡಿಕೊಳ್ಳುವವಳು ಅವಳೇ.